ದೈವವೂ ದುಡಿಮೆಯೂ

ತಾನು ಗೆದ್ದರೆ ದುಡಿಮೆ, ಸೋತರೆ ಹಣೆಯಬರಹ. ಪರರು ಗೆದ್ದರೆ ಅದೃಷ್ಟ, ಸೋತರೆ ಸೋಮಾರಿತನ. ಲೋಕದಲ್ಲಿ ರೂಢಿಯಾಗಿರುವ ಈ ನ್ಯಾಯವನ್ನು ಪರೀಕ್ಷಿಸಲು ಬಹುದೂರ ಹೋಗಬೇಕಾದುದಿಲ್ಲ. ಶಿವಮೊಗ್ಗೆಗೆ ನೆರೆಯಾದ ಭದ್ರಾವತಿಯನ್ನು ನೋಡಿದರೆ ಸಾಕು.

ಹಿಂದೆ ಬೆಂಕೀಪುರವೆನಿಸಿದ್ದ ಈ ಊರಿಗೆ ದೈವವು ಕೊಟ್ಟುದು ಅಲ್ಪವಲ್ಲ. ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಕಬ್ಬಿಣದ ಅದಿರು, ಶಿವಮೊಗ್ಗೆಯ ಸೀಮೆಯಲ್ಲಿ ದಟ್ಟವಾದ ಕಾಡು, ಪಕ್ಕದಲ್ಲಿಯೇ ಭದ್ರಾನದಿ. ಕಲ್ಲಿದ್ದಲು ಮಾತ್ರ ಇರಲಿಲ್ಲ. ಆದಕಾರಣ ಸೌದೆಯ ಇದ್ದಲಿನಿಂದಲೇ ಅದಿರನ್ನು ಕರಗಿಸಲು ಮೈಸೂರು ಸರ್ಕಾರದವರು ಏರ್ಪಡಿಸಿದರು. 1923ರ ಜನವರಿಯಲ್ಲಿ ಕುಲುಮೆಯು ಹೊತ್ತಿತು. ಆದರೆ ಕಾರ್ಯವನ್ನು ಹೂಡಿದುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಕಬ್ಬಿಣದ ಬೆಲೆ ಏರಿದ್ದಾಗ. ಕುಲುಮೆ ಹೊತ್ತುವ ವೇಳೆಗೆ ಆ ಬೆಲೆ ಇಳಿದುಹೋಗಿತ್ತು. ಇದು ಯಾರ ಸೋಮಾರಿತನದ ಫಲವೂ ಅಲ್ಲ.

ಅದೇ ವರ್ಷ ಆಡಳಿತ ಮಂಡಲಿಯ ಅಧ್ಯಕ್ಷರಾದ ಸರ್ ಎಂ. ವಿಶ್ವೇಶ್ವರಯ್ಯನವರು 1929ರವರೆಗೂ ಅದನ್ನು ನಡೆಯಿಸಿದರು. ವೆಚ್ಚವನ್ನು ತಗ್ಗಿಸಿದರು, ಹೊರದೇಶದ ತಜ್ಞರು ಮಾಡುತ್ತಿದ್ದ ಕೆಲಸಕ್ಕೆ ನಾಡಿನವರನ್ನೇ ಅಣಿಮಾಡಿದರು. ಸೌದೆ ಇದ್ದಲಾಗುವಾಗ ಹೊಗೆಯಾಗಿ ಹೋಗಬೇಕಾದುದರಿಂದಲೂ ಟಾರು ಮೊದಲಾದ ಪದಾರ್ಥಗಳನ್ನು ತೆಗೆಯುತ್ತಿದ್ದರು. 1936ರಲ್ಲಿ ಉಕ್ಕಿನ ತಯಾರಿಕೆಯೂ ಆರಂಭವಾಯಿತು. ಮೂರು ವರ್ಷಗಳಲ್ಲಿ ಮತ್ತೊಂದು ಮಹಾಯುದ್ಧವು ಬಂದು ಉಕ್ಕಿಗೆ ಬೇಡಿಕೆ ಹೆಚ್ಚಿತು. ಇದು ಕಾಲದ ಗತಿ. ಆದರೆ ಆ ಹೊತ್ತಿಗೆ ಉಕ್ಕು ಸಿದ್ಧವಾಗಿದ್ದುದು ಕಷ್ಟದ ದಿನಗಳಲ್ಲಿ ಕುಲುಮೆಯ ಮುಂದೆ ನಿಂತು ಬೆವರಿದವರ ದುಡಿಮೆಯಿಂದ.

ಕಥೆ ಇಲ್ಲಿಗೆ ಮುಗಿದಿದ್ದರೆ ನೀತಿಯೂ ಸುಲಭವಾಗುತ್ತಿತ್ತು. ಆದರೆ ಅದೇ ಊರಿನಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ 2015ರ ಸುಮಾರಿಗೆ ನಿಂತುಹೋಯಿತು. ಕುಲುಮೆ ಹೊತ್ತಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರವಾಯಿತು. ಆ ವರ್ಷವೇ ಕೆಲವು ಭಾಗದಲ್ಲಿ ಕೆಲಸ ಮತ್ತೆ ನಡೆಯಿತಾದರೂ ಎಷ್ಟೋ ಮನೆಗಳ ಒಲೆಗೆ ಚಿಂತೆ ತಪ್ಪಲಿಲ್ಲ. ಹೀಗೆ ಕೆಲಸ ಕಳೆದುಕೊಂಡವರು ತಮ್ಮ ತಂದೆ ಅಜ್ಜಂದಿರಿಗಿಂತ ಕಡಮೆ ದುಡಿದವರೆಂದು ಹೇಳುವ ಧೈರ್ಯ ಯಾರಿಗುಂಟು?

ಆದುದರಿಂದ ಫಲವನ್ನು ನೋಡಿ ದುಡಿಮೆಯನ್ನು ಅಳೆಯುವುದು ತಪ್ಪು. ಹಾಗೆಂದು ದೈವವನ್ನೇ ನಂಬಿ ಕೈಕಟ್ಟಿ ಕುಳಿತವನ ಮನೆಗೆ ಒಳ್ಳೆಯ ಕಾಲ ಬಂದರೂ ಅದನ್ನು ಹಿಡಿದುಕೊಳ್ಳುವ ಕೈ ಅಲ್ಲಿರುವುದಿಲ್ಲ. ನೆರೆಯವನ ಅಂಗಡಿ ಮುಚ್ಚಿದಾಗ, ಮಗನು ಪರೀಕ್ಷೆಯಲ್ಲಿ ಸೋತು ಬಾಗಿಲಲ್ಲಿ ನಿಂತಾಗ, "ಏನು ದೊರೆಯಿತು?" ಎನ್ನುವ ಮೊದಲು "ಎಷ್ಟು ಶ್ರಮಿಸಿದನು?" ಎಂದು ವಿಚಾರಿಸುವುದು ಗೃಹಸ್ಥರ ಧರ್ಮ.