ತೆನೆಯ ತೂಕ

ಸೆಪ್ಟೆಂಬರ್ 8 ಕರಾವಳಿಯ ಕೊಂಕಣಿ ಕ್ರೈಸ್ತರ ಪಾಲಿಗೆ ಮೊಂತಿ ಹಬ್ಬ. ಯೇಸುವಿನ ತಾಯಿ ಮರಿಯಳ ಜನ್ಮದಿನವನ್ನು ಕ್ಯಾಥೊಲಿಕರು ಅಂದು ಎಲ್ಲೆಡೆ ಆಚರಿಸುತ್ತಾರಾದರೂ, ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಆ ಆಚರಣೆಗೆ ಗದ್ದೆಯ ಕೆಸರಿನ ಕಂಪೂ ಬೆರೆತಿದೆ. ಒಂಬತ್ತು ದಿನ ಮಕ್ಕಳು ಬಾಲೆ ಮರಿಯಳಿಗೆ ಹೂ ಅರ್ಪಿಸುತ್ತಾರೆ; ಹಬ್ಬದಂದು ಧರ್ಮಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ತುಳುವರ ಹೊಸ ಅಕ್ಕಿ ಊಟಕ್ಕೂ ಕೊಡವರ ಹುತ್ತರಿಗೂ ಇದು ಒಡಹುಟ್ಟು.

ಮೂರು ದಶಕಗಳ ಹಿಂದೆ ಆ ಸೀಮೆಯಲ್ಲಿ ಕಂದಾಯ ಅಧಿಕಾರಿಯಾಗಿದ್ದಾಗ ನೆರೆಮನೆಯ ಹಿರಿಯರು ನನ್ನನ್ನು ಹಬ್ಬದೂಟಕ್ಕೆ ಕರೆದರು. ಬಾಳೆಎಲೆಯ ಮೇಲೆ ಅಪ್ಪಟ ಸಸ್ಯಾಹಾರ. ಊಟಕ್ಕೆ ಮೊದಲು ಅವರು ತೆನೆಯಿಂದ ಕೆಲವೇ ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಬೆರೆಸಿ, ಪ್ರಾರ್ಥಿಸಿ ಎಲ್ಲರಿಗೂ ಕೊಟ್ಟರು. ದೂರದ ಊರಿನಲ್ಲಿದ್ದ ಮಗನಿಗೆ ನಾಲ್ಕು ಕಾಳು ಆಗಲೇ ಲಕೋಟೆ ಸೇರಿದ್ದವು. ಅರ್ಥಶಾಸ್ತ್ರದ ಸೀಮಾಂತ ಉಪಯುಕ್ತತೆಯ ಲೆಕ್ಕದಲ್ಲಿ ಆ ಕಾಳುಗಳ ಬೆಲೆ ಸೊನ್ನೆ. ಆದರೂ ಅಂದು ಆ ಮನೆಯಲ್ಲಿ ಅವಕ್ಕಿಂತ ತೂಕದ ವಸ್ತು ಬೇರೊಂದಿರಲಿಲ್ಲ.

ಕ್ರೈಸ್ತ ಧರ್ಮದ ಈ ಗುಣವನ್ನು ನಾವು ಗಮನಿಸುವುದು ಕಡಿಮೆ. ಅದರ ಸಂಸ್ಕಾರಗಳ ಸಾಮಗ್ರಿ ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸ. ಯೇಸುವಿನ ಸಾಮತಿಗಳಲ್ಲಿ ಬರುವುದು ಬಿತ್ತುವವನು, ಸಾಸಿವೆ ಕಾಳು, ಹಿಟ್ಟು ನಾದುವ ಹೆಂಗಸು. ಅಸ್ಸಿಸಿಯ ಫ್ರಾನ್ಸಿಸ್ ಸುಮಾರು 1225ರಲ್ಲಿ, ದೃಷ್ಟಿ ಮಂಜಾಗಿದ್ದ ಕಾಲದಲ್ಲಿ, ಸೂರ್ಯನನ್ನು ಅಣ್ಣನೆಂದೂ ನೀರನ್ನು ತಂಗಿಯೆಂದೂ ಕರೆದು ಗೀತೆ ಕಟ್ಟಿದರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ಪರಿಸರ ಕುರಿತ ಪತ್ರಕ್ಕೆ ಆ ಗೀತೆಯಿಂದಲೇ ಹೆಸರು ಪಡೆದರು. ಭೂಮಿಯ ಮೇಲೆ ಮನುಷ್ಯನಿಗಿತ್ತ ಅಧಿಕಾರವೆಂದರೆ ಸುಲಿಗೆಯ ಪರವಾನಗಿಯಲ್ಲ, ಕಾಯುವ ಹೊಣೆ ಎಂಬುದು ಆ ಪತ್ರದ ನಿಲುವು.

ಆ ಹೊಣೆಯ ಮಾತು ನನ್ನನ್ನು ಚುಚ್ಚುವುದಕ್ಕೆ ಕಾರಣವಿದೆ. ಭೂಕಂದಾಯ ಅಧಿನಿಯಮ, 1964ರ 95ನೇ ಕಲಮಿನ ಅನ್ವಯ ಕೃಷಿ ಜಮೀನನ್ನು ನಿವೇಶನವಾಗಿಸಲು ಕೋರುವ ಕಡತಗಳು ಆಗ ನನ್ನ ಮೇಜಿಗೆ ಬರುತ್ತಿದ್ದವು. ಕೂಲಿಯಾಳು ಸಿಗದು, ಭತ್ತ ಗಿಟ್ಟದು ಎಂಬ ಅರ್ಜಿದಾರರ ಮಾತು ಸುಳ್ಳಾಗಿರಲಿಲ್ಲ. ನಿಯಮದಲ್ಲಿ ಲೋಪವಿರಲಿಲ್ಲ, ಸಹಿ ಹಾಕಿದೆ. ವರ್ಷಗಳ ನಂತರ ಆ ಊರಿಗೆ ಹೋದಾಗ ತಿಳಿಯಿತು: ಅವುಗಳಲ್ಲೊಂದು, ಇಗರ್ಜಿಗೆ ಪ್ರತಿವರ್ಷ ತೆನೆ ಕೊಡುತ್ತಿದ್ದ ಗದ್ದೆ. ಈಗ ಅಲ್ಲಿ ಮನೆಗಳ ಸಾಲು. ತೆನೆ ಹೊರಗಿನಿಂದ ಬರುತ್ತದೆ.

ಆ ಮನೆಗಳಲ್ಲಿ ವಾಸಿಸುವವರನ್ನು ದೂರಲಾರೆ. ಸೂರು ಯಾರಿಗೆ ಬೇಡ? ಆದರೆ ಕಡತದಲ್ಲಿ ವಿಸ್ತೀರ್ಣ, ಆಕಾರ, ಚಕ್ಕುಬಂದಿ ಎಲ್ಲಕ್ಕೂ ಅಂಕಣವಿತ್ತು; ಆ ಗದ್ದೆ ಒಂದು ಊರಿನ ಪ್ರಾರ್ಥನೆಗೆ ಏನಾಗಿತ್ತು ಎಂಬುದಕ್ಕೆ ಇರಲಿಲ್ಲ. ಅಂಕಣವಿಲ್ಲದ್ದನ್ನು ವಿಚಾರಿಸಬೇಕೆಂದು ನನಗೂ ತೋಚಲಿಲ್ಲ. ನಿಸರ್ಗದಲ್ಲಿ ದೇವರನ್ನು ಕಾಣುವುದೆಂದರೆ ಬೆಟ್ಟದ ತುದಿಯಲ್ಲಿ ಮೈಮರೆಯುವುದಷ್ಟೇ ಅಲ್ಲ. ಉಣ್ಣುವ ಅನ್ನ ಎಲ್ಲಿಯದು, ಅದಕ್ಕೆ ಯಾರಿಗೆ ಋಣಿ ಎಂದು ಕೇಳಿಕೊಳ್ಳುವ ದಿನನಿತ್ಯದ ಶಿಸ್ತೂ ಅದೇ.

ಆ ಹಿರಿಯರು ಈಗಿಲ್ಲ. ಅವರ ಮಗಳು ಪ್ರತಿ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನನ್ನ ವಿಳಾಸಕ್ಕೆ ನಾಲ್ಕು ಕಾಳು ಕಳುಹಿಸುತ್ತಾರೆ. ನಾನು ಕ್ರೈಸ್ತನಲ್ಲ. ಆದರೂ ಹಾಲಿಗೆ ಬೆರೆಸಿ ಕುಡಿಯುತ್ತೇನೆ. ಆಗೆಲ್ಲ ಆ ಗದ್ದೆಯ ಸರ್ವೆ ನಂಬರು ನೆನಪಾಗುತ್ತದೆ.