ಗಾಳಿ ಸೋಸುವ ಲೆಕ್ಕ

ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು ಎಂದು ಗೊಣಗುವವರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಏರ್ ಪ್ಯೂರಿಫೈಯರ್ ತಂದರೆ ಒರೆಸುವ ಕೆಲಸ ತಪ್ಪೀತು ಎಂದು ಅಂಗಡಿಗೆ ಹೋಗುವವರೂ ಅವರೇ. ತಪ್ಪುವುದಿಲ್ಲ. ಕಣ್ಣಿಗೆ ಕಾಣುವ ಧೂಳು ಭಾರ. ಯಂತ್ರದ ತನಕ ಹೋಗುವ ಮೊದಲೇ ಟೀಪಾಯಿಯ ಮೇಲೆ ಕೂತುಬಿಡುತ್ತದೆ.

ಯಂತ್ರಕ್ಕೆ ನಿಜವಾದ ಕೆಲಸ ಇರುವುದು ಕಾಣದ ಧೂಳಿನಲ್ಲಿ. 2.5 ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ನಮ್ಮ ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ ಎಂದರೆ ಇವುಗಳ ಗಾತ್ರ ಊಹಿಸಿಕೊಳ್ಳಬಹುದು. ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ, ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಲಾರಿಯ ಹೊಗೆ, ಖಾಲಿ ಸೈಟಿನಲ್ಲಿ ಕಸಕ್ಕೆ ಹಚ್ಚಿದ ಬೆಂಕಿ ಹೊರಗಿನವು. ಊದುಬತ್ತಿ, ಸೊಳ್ಳೆ ಬತ್ತಿ, ಒಗ್ಗರಣೆಯ ಹೊಗೆ ನಮ್ಮವೇ.

ಇವನ್ನು ಹಿಡಿಯುವ ಹೆಪಾ ಫಿಲ್ಟರನ್ನು ಬಲು ಸಣ್ಣ ಕಣ್ಣಿನ ಜರಡಿ ಎಂದುಕೊಂಡವರೇ ಹೆಚ್ಚು. ಜರಡಿಯಾಗಿದ್ದರೆ ಕಣ ಸಣ್ಣದಾದಷ್ಟೂ ಸಲೀಸಾಗಿ ನುಸುಳಬೇಕಿತ್ತು. ಹಾಗಾಗುವುದಿಲ್ಲ. ಇದು ಗಾಜಿನದೋ ಪ್ಲಾಸ್ಟಿಕ್ಕಿನದೋ ನಾರುಗಳು ಅಡ್ಡಾದಿಡ್ಡಿ ಹೆಣೆದುಕೊಂಡ ಹಾಳೆ. ತಂತಿಬೇಲಿಗಿಂತ ಲಂಟಾನದ ಪೊದೆಗೆ ಹತ್ತಿರ. ದೊಡ್ಡ ಕಣ ಗಾಳಿಯ ಜೊತೆ ತಿರುಗಲಾರದೆ ನೇರ ಹೋಗಿ ನಾರಿಗೆ ಬಡಿದು ಅಂಟಿಕೊಳ್ಳುತ್ತದೆ. ತೀರಾ ಸಣ್ಣದನ್ನು ಗಾಳಿಯ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿರುತ್ತವೆ; ಕುಡಿದವನ ಹಾಗೆ ತೂರಾಡುತ್ತ ಹೋಗಿ ಅದೂ ಯಾವುದೋ ನಾರಿಗೆ ತಗುಲುತ್ತದೆ. ಇವೆರಡರ ನಡುವಿನ ಗಾತ್ರದ್ದು, ಸುಮಾರು 0.3 ಮೈಕ್ರಾನಿನದು, ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮ. ಹಾಗಾಗಿ ಪರೀಕ್ಷೆಯೂ ಅದರ ಮೇಲೆಯೇ: ಅಂಥ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿದರೆ ಅಮೆರಿಕದವರ ಲೆಕ್ಕದಲ್ಲಿ ಹೆಪಾ. 1940ರ ದಶಕದಲ್ಲಿ ಅಲ್ಲಿನ ಅಣುಬಾಂಬ್ ಯೋಜನೆಯಲ್ಲಿ ವಿಕಿರಣದ ಧೂಳು ಹಿಡಿಯಲು ಬೆಳೆಸಿದ ವಿದ್ಯೆ ಇದು. ‘ಹೆಪಾ ಟೈಪ್’, ‘ಹೆಪಾ ಲೈಕ್’ ಎಂಬ ಪದಗಳಿಗೆ ಇಂಥ ಅಳತೆಗೋಲಿಲ್ಲ. ‘ತುಪ್ಪದಂಥದ್ದು’ ಎಂದು ಮಾರುವ ಎಣ್ಣೆಯ ಹಾಗೆ.

ಇಷ್ಟಾಗಿಯೂ ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ 99.97ಕ್ಕಿಂತ ನಾನು ಹುಡುಕುವುದು ಮೂಲೆಯಲ್ಲಿ ಸಣ್ಣಗೆ ಬರೆದಿರುವ ಸಿಎಡಿಆರ್ ಅನ್ನು. ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಸಂಖ್ಯೆ ಅದು. ಬಾಗಿಲ ಸಂದಿಯಿಂದ ಕೊಳೆಗಾಳಿ ಒಳಗೆ ಬರುತ್ತಲೇ ಇರುತ್ತದೆ. ತೂತು ಬಿದ್ದ ದೋಣಿಯಿಂದ ನೀರು ಮೊಗೆಯುವವನಿಗೆ ತಂಬಿಗೆ ಬೆಳ್ಳಿಯದೋ ತಾಮ್ರದ್ದೋ ಎಂಬುದು ಮುಖ್ಯವಲ್ಲ, ಮೊಗೆಯುವ ವೇಗ ಮುಖ್ಯ. ಗಂಟೆಗೆ 5 ಸಲ ಕೋಣೆಯ ಗಾಳಿ ಪೂರ್ತಿ ಸೋಸಿದರೆ ಒಳ್ಳೆಯದು. 10 ಅಡಿಗೆ 12 ಅಡಿ ಕೋಣೆ, 10 ಅಡಿ ಎತ್ತರ: 1,200 ಘನ ಅಡಿ, ಅಂದರೆ 34 ಘನ ಮೀಟರ್. ಐದು ಸಲಕ್ಕೆ 170. ಇಷ್ಟೆಲ್ಲ ಗುಣಿಸಲು ಬೇಸರವಾದರೆ ಕೋಣೆಯ ಚದರಡಿಯ ಒಂದೂವರೆ ಪಟ್ಟು ಎಂದಿಟ್ಟುಕೊಳ್ಳಿ. ‘500 ಚದರಡಿಗೆ ಸಾಕು’ ಎಂಬ ಮಾತಿಗಿಂತ ಈ ಗುಣಾಕಾರವನ್ನು ನಂಬಬಹುದು. ಅಂಥ ಮಾತಿನ ಹಿಂದೆ ಗಾಳಿ ಗಂಟೆಗೆ ಒಂದೆರಡು ಸಲವಷ್ಟೇ ಸುತ್ತುವ ಲೆಕ್ಕವಿರಬಹುದು.

ಇನ್ನೊಂದು ಕಿತಾಪತಿ ಇದೆ. ಆ ಸಿಎಡಿಆರ್ ಫ್ಯಾನ್ ಪೂರ್ತಿ ವೇಗದಲ್ಲಿ ಓಡಿದಾಗಿನದು. ಆ ಸದ್ದಿನಲ್ಲಿ ನಿದ್ದೆ ಹತ್ತದೆ ರಾತ್ರಿ ‘ಸೈಲೆಂಟ್’ಗೆ ಇಳಿಸುತ್ತೇವೆ, ಸೋಸುವ ಗಾಳಿಯೂ ಜೊತೆಗೇ ಇಳಿಯುತ್ತದೆ. ಆದ್ದರಿಂದ ಕೋಣೆಯ ಲೆಕ್ಕಕ್ಕಿಂತ ದೊಡ್ಡದನ್ನೇ ತಂದು ನಿಧಾನ ಓಡಿಸುವುದು ಜಾಣತನ. ಅಂಗಡಿಯಲ್ಲಿ ಹಾಕಿಸಿ ಕಿವಿಗೊಟ್ಟು ಕೇಳಿ.

ವಾಸನೆಯದು ಬೇರೆ ಕತೆ. ಹೊಸ ಪೇಂಟಿನದು, ಹುರಿದ ಮೀನಿನದು ಕಣವಲ್ಲ, ಅನಿಲ, ಹೆಪಾಗೆ ಸಿಗುವುದಿಲ್ಲ. ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಸಂಸ್ಕರಿಸಿದ ಇದ್ದಿಲು ಬೇಕು. ಕೈಗೆತ್ತಿದರೆ ಇದ್ದಿಲಿನ ತೂಕ ಗೊತ್ತಾಗಬೇಕು. ಕಪ್ಪು ಸ್ಪಂಜಿನ ತೆಳು ಹಾಳೆ ಬೇಗ ತುಂಬಿ ಸುಮ್ಮನಾಗುತ್ತದೆ. ಓಝೋನ್ ಬಿಡುವ ಯಂತ್ರ ಬೇಡವೇ ಬೇಡ, ಓಝೋನ್ ತಾನೇ ಶ್ವಾಸಕೋಶವನ್ನು ಕೆರಳಿಸುವ ಅನಿಲ.

ಎಸಿ ಇದೆಯಲ್ಲ, ಸಾಲದೇ ಎಂದು ಕೇಳುವವರುಂಟು. ಸ್ಪ್ಲಿಟ್ ಎಸಿಯ ಜಾಲರಿ ಹಿಡಿಯುವುದು ಕೂದಲು, ನೂಲಿನ ಎಳೆ, ದಪ್ಪ ಧೂಳನ್ನು. ಹೊರಗಿನ ಗಾಳಿಯನ್ನೂ ಅದು ತರುವುದಿಲ್ಲ. ನಾವು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಪ್ಯೂರಿಫೈಯರ್ ಕೂಡ ತೆಗೆಯಲಾರದು, ಹಾಗಾಗಿ ಮಳೆ ಬಂದು ಹೋದ ಮೇಲೆ, ರಸ್ತೆ ಖಾಲಿಯಿದ್ದಾಗ ಕಿಟಕಿ ತೆರೆಯಲೇಬೇಕು. ಅಡುಗೆಮನೆಯಲ್ಲಿ ಚಿಮಣಿಯೋ ಎಕ್ಸಾಸ್ಟ್ ಫ್ಯಾನೋ ಇರಲಿ. ಅಲ್ಲಿ ಪ್ಯೂರಿಫೈಯರ್ ಇಟ್ಟರೆ ಎಣ್ಣೆಯ ಜಿಡ್ಡು ಕೂತು ಹೆಪಾ ಹಾಳಾಗುತ್ತದೆ.

ಕೊಳ್ಳುವ ಮೊದಲು ಬದಲಿ ಫಿಲ್ಟರಿನ ಬೆಲೆ ಕೇಳಿ; ಯಂತ್ರ ಅಗ್ಗವಾಗಿ ಫಿಲ್ಟರ್ ದುಬಾರಿಯಾಗಿರುವುದುಂಟು. ತೊಳೆಯಬಹುದು ಎಂದು ಕಂಪನಿಯೇ ಬರೆದಿರದಿದ್ದರೆ ಹೆಪಾಗೆ ನೀರು ಸೋಕಿಸಬೇಡಿ. ಹಾಕಿದ ತಾರೀಖನ್ನು ಅಂಚಿನ ಮೇಲೆ ಪೆನ್ನಿನಲ್ಲಿ ಬರೆದಿಡಿ. ಮತ್ತೆ, ಮೊದಲ ದಿನವೇ ಹಿಂಬದಿಯ ಮುಚ್ಚಳ ತೆಗೆದು ನೋಡಿ: ಫಿಲ್ಟರ್ ಎಷ್ಟೋ ಸಲ ಪ್ಲಾಸ್ಟಿಕ್ ಚೀಲದೊಳಗೇ ಕೂತಿರುತ್ತದೆ. ನಮ್ಮ ಮನೆಯದು ಒಂಬತ್ತು ದಿನ ಹಾಗೆಯೇ ಓಡಿತ್ತು, ಗಾಳಿ ಎಷ್ಟು ಹಗುರವಾಗಿದೆ ಎಂದು ನಾವೆಲ್ಲ ಮಾತಾಡಿಕೊಂಡಿದ್ದೆವು.