ಮದುವೆ ವಿಡಿಯೋ ಎಡಿಟಿಂಗಿನಲ್ಲಿ ತೆವಳುವುದೇಕೆ?



ಚಾರ್ಮಾಡಿ ಘಾಟಿಯ ಬುಡದ ಕಕ್ಕಿಂಜೆಯ ಕಡೆ ಮದುವೆ, ಕೋಲ, ಇರುಳಿಡೀ ಯಕ್ಷಗಾನ ಎಲ್ಲಕ್ಕೂ ಈಗ ಕ್ಯಾಮೆರಾ ಬೇಕು. ತೆಗೆದ 4ಕೆ ವಿಡಿಯೋ ಮೊಬೈಲಿನಲ್ಲಿ ಸಲೀಸಾಗಿ ಓಡುತ್ತದೆ. ಅದನ್ನೇ ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿ ನೋಡಿ, ಘಾಟಿ ಹತ್ತುವ ಲಾರಿಯ ಏದುಸಿರು! ಫೈಲಿನ ಗಾತ್ರಕ್ಕಿಂತ ಅದನ್ನು ಮಡಚಿಟ್ಟ ರೀತಿಯೇ ಹೆಚ್ಚಾಗಿ ಇದಕ್ಕೆ ಕಾರಣ.

ವಿಡಿಯೋ ಮಡಚಲು 2003ರಲ್ಲಿ ಬಂದ ಎಚ್.264 ವಿಧಾನದಲ್ಲಿ ಸಾಮಾನ್ಯವಾಗಿ ಕೆಲವೇ ಫ್ರೇಮುಗಳು ಪೂರ್ತಿ ಚಿತ್ರ. ಉಳಿದವು, ಅಕ್ಕಪಕ್ಕದ ಫ್ರೇಮಿಗಿಂತ ಏನೇನು ಬದಲಾಯಿತು ಎಂಬ ಟಿಪ್ಪಣಿ ಮಾತ್ರ. ಸುಮ್ಮನೆ ನೋಡುವಾಗ ತೊಂದರೆಯಿಲ್ಲ. ವೇಷಧಾರಿ ಗಿರಕಿ ಹೊಡೆಯುವ ಒಂದೇ ಕ್ಷಣಕ್ಕೆ ಕತ್ತರಿ ಹಾಕಬೇಕೆಂದರೆ ಮಾತ್ರ ಕಂಪ್ಯೂಟರು ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ, ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು. 4ಕೆ ಫ್ರೇಮೊಂದರಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು, ಸೆಕೆಂಡಿಗೆ 25 ಫ್ರೇಮು. ಪೂರ್ತಿ ಬಿಚ್ಚಿದರೆ ಸೆಕೆಂಡಿಗೆ 600 ಎಂಬಿ ದಾಟುತ್ತದೆ.

ಹೊಸ ಕಂಪ್ಯೂಟರಿಗೆ ಸಾಲ ಮಾಡುವ ಮುನ್ನ ‘ಪ್ರಾಕ್ಸಿ’ ಪ್ರಯತ್ನಿಸಬಹುದು. ದೃಶ್ಯದ ಹಗುರ ನಕಲಿನ ಮೇಲೆ ಕತ್ತರಿ ಆಡಿಸಿ, ಕೊನೆಗೆ ಎಕ್ಸ್‌ಪೋರ್ಟ್‌ಗೆ ಮೂಲ ಫೈಲನ್ನೇ ಬಳಸುವ ವ್ಯವಸ್ಥೆಯಿದು. ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್ ಎರಡರಲ್ಲೂ ಇದೆ.